ಅಪ್ಪನ ದಾಡಿ ಮತ್ತು ಒಂದಲಗಿನ ರೇಜರು

ದೀಪಾವಳಿ ಸೂಟಿಗೆ ಪುಣೆಯಿಂದ ಬಂದ ಮಗ ನನ್ನ ಕೈಯಲ್ಲಿ ಒಂದು ಸಣ್ಣ ಪೆಟ್ಟಿಗೆ ಇಟ್ಟ. ತೂಕ ನೋಡಿ ಗಡಿಯಾರ ಇರಬೇಕು ಅಂದುಕೊಂಡೆ. ತೆರೆದರೆ ದಾಡಿ ಮಾಡುವ ರೇಜರು. ಪೂರ್ತಿ ಸ್ಟೀಲಿನದು, ಪ್ಲಾಸ್ಟಿಕ್ ಎಂಬುದು ಎಳ್ಳಷ್ಟೂ ಇಲ್ಲ. ನಾವೆಲ್ಲ ಕಂಡ ರೇಜರಿನಲ್ಲಿ ಬ್ಲೇಡು ಎರಡೂ ಕಡೆಯಿಂದ ಹೊರಗೆ ಹಣಿಕಿ ಹಾಕಿರುತ್ತದೆ. ಇದಕ್ಕೆ ಒಂದೇ ಕಡೆ ಅಲಗು. ಇನ್ನೊಂದು ಕಡೆ ಬೋಳು.

"ಎಷ್ಟು ಕೊಟ್ಟಿ ಇದಕ್ಕ?" ಅಂದೆ.

"ಅದೆಲ್ಲಾ ಯಾಕ ಬೇಕ್ರಿ ಅಪ್ಪಾ."

ಬಾಗಿಲ ಹಿಂದಿದ್ದ ಮೊಮ್ಮಗಳು ತಡೆಯಲಿಲ್ಲ. "ಹದಿನಾಲ್ಕು ಸಾವಿರ, ಅಜ್ಜಾ! ಮಮ್ಮಿ ಜಗಳಾ ಮಾಡಿದ್ಲು."

ನಾನು ಮಾಸ್ತರಿಕೆಗೆ ಸೇರಿದ ಮೊದಲ ವರ್ಷದ ಪಗಾರವನ್ನೆಲ್ಲ ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ. ಬಾಯಿಗೆ ಬಂದ ಮಾತನ್ನು ಆಡಿಯೇಬಿಡುತ್ತಿದ್ದೆ. ಅಷ್ಟರಲ್ಲಿ ಮಗ ಮೆಲ್ಲಗೆ ಹೇಳಿದ: "ಇದು ನಿಮಗಂತ ತಂದಿಲ್ರಿ. ಅಜ್ಜಗ. ನಿಮ್ಮ ಕೈಲೆ ಅವರ ದಾಡಿ ಆಗಲಿ ಅಂತ." ನನ್ನ ಮಾತು ಗಂಟಲಲ್ಲೇ ನಿಂತಿತು.

ಅಪ್ಪನ ಸುದ್ದಿ ನಮ್ಮೂರವರಿಗೆಲ್ಲ ಗೊತ್ತಿದ್ದದ್ದೇ. ಎರಡು ವರ್ಷದ ಹಿಂದೆ ಲಕ್ವಾ ಹೊಡೆಯಿತು. ಮಿರಜಿಯ ದವಾಖಾನೆಯಲ್ಲಿ ಹನ್ನೆರಡು ದಿನ ಇಟ್ಟುಕೊಂಡು ಬಂದೆವು. ಜೀವ ಉಳಿಯಿತು, ಎಡಭಾಗ ಹೋಯಿತು. ಮಾತು ನಾಲ್ಕೈದೇ ಉಳಿದವು. ಹೂಂ, ನೀರ, ಸಾಕ, ಬಾ, ಅಷ್ಟೇ. ಎಡಗಲ್ಲ ಜೋತು ಬಿದ್ದಿದೆ, ಅಲ್ಲಿ ಇರುವೆ ಕಚ್ಚಿದರೂ ಅವರಿಗೆ ತಿಳಿಯುವುದಿಲ್ಲ.

ಅಪ್ಪ ಹೊಲದಲ್ಲಿ ದುಡಿದ ಮನುಷ್ಯ. ಮೈಮೇಲಿನ ಅಂಗಿ ಹರಿದಿರಬಹುದು, ಮುಖದ ಮೇಲೆ ದಾಡಿ ಇರುತ್ತಿರಲಿಲ್ಲ. ವಾರಕ್ಕೆ ಎರಡು ಸಲ ಹಡಪದ ಕಾಕಾ ನಮ್ಮ ಕಟ್ಟೆಗೆ ಬರುತ್ತಿದ್ದರು. ಕಾಕಾನ ತಂದೆಯ ಕಾಲದಲ್ಲಿ ದುಡ್ಡಿನ ಲೆಕ್ಕವೇ ಇರಲಿಲ್ಲ. ಸುಗ್ಗಿಯಲ್ಲಿ ರಾಶಿಯ ಮುಂದೆ ಬಂದು ನಿಂತರೆ ಜೋಳದ ಆಯ. ವರ್ಷದ ದಾಡಿ, ಕಟಿಂಗ್, ಮದುವೆ-ಮುಂಜಿವೆಯ ಕೆಲಸ ಎಲ್ಲ ಅದರಲ್ಲೇ ಬಂತು. ಕಾಕಾನ ಕಾಲಕ್ಕೆ ಆಯ ನಿಂತು ರೂಪಾಯಿ ಬಂತು. ಆದರೆ ಅಪ್ಪ ಮಾತ್ರ ರೂಪಾಯಿ ಕೊಟ್ಟ ಮೇಲೂ ಸುಗ್ಗಿಗೆ ಒಂದು ಚೀಲ ಜೋಳ ಕಳಿಸುವುದನ್ನು ಬಿಡಲಿಲ್ಲ.

ಲಕ್ವಾ ಆದ ಮೇಲೂ ಕಾಕಾ ಬಂದು, ಹೊರಸಿನ ಮಗ್ಗುಲಲ್ಲಿ ಕುಳಿತು ದಾಡಿ ಮಾಡುತ್ತಿದ್ದರು. ಕಳೆದ ಶ್ರಾವಣದಲ್ಲಿ ಒಂದು ದಿನ ಬುರುಗು ಹಚ್ಚಿ ಮುಗಿಸಿ ಕತ್ತಿ ಎತ್ತಿದವರು ಹಾಗೇ ಕೆಳಗಿಟ್ಟರು. ಬಲಗೈ ನಡುಗುತ್ತಿತ್ತು. ಅದನ್ನು ತೊಡೆಯ ಮೇಲಿಟ್ಟು ನೋಡುತ್ತಾ ಕುಳಿತರು. "ಮಾಸ್ತರ, ಇನ್ನ ಅಣ್ಣಾರ ಮುಖಕ್ಕ ನನ್ನ ಕೈ ಬ್ಯಾಡ್ರಿ," ಅಂದರು. ಎಪ್ಪತ್ತೈದರ ಮೇಲಾದ ಮನುಷ್ಯ. ಯಾರೂ ಹೇಳುವ ಮೊದಲು ತಾನೇ ಹೇಳಿದರು. ಅವರ ಮಗ ಸಾಂಗ್ಲಿಯಲ್ಲಿ ದುಕಾನು ಇಟ್ಟಿದ್ದಾನೆ. ಊರಿನಲ್ಲಿ ಮನೆಗೆ ಬಂದು ದಾಡಿ ಮಾಡುವವರು ಬೇರೆ ಇಲ್ಲ.

ಹೀಗಾಗಿ ಕೆಲಸ ನನ್ನ ಕೈಗೆ ಬಂತು. ನನ್ನ ಹತ್ತಿರ ಇದ್ದದ್ದು ಈಗಿನ ಪ್ಲಾಸ್ಟಿಕ್ ರೇಜರು, ಮೂರು ಬ್ಲೇಡಿನದು. ನನ್ನ ಮುಖಕ್ಕೆ ದಿನಾ ಅದೇ ನಡೆಯುತ್ತಿತ್ತು. ಅಪ್ಪನ ಒಂದು ವಾರದ ದಾಡಿಗೆ ಹಚ್ಚಿದರೆ ಎರಡು ಎಳೆತಕ್ಕೆ ಬ್ಲೇಡಿನ ಸಂದಿಯೆಲ್ಲ ಕೂದಲು ತುಂಬಿ ಮುಚ್ಚಿಹೋಯಿತು. ತೊಳೆದೆ, ಮತ್ತೆ ಎಳೆದೆ. ಜೋತ ಚರ್ಮ ರೇಜರಿನ ಸಂಗಡವೇ ಬಂತು. ಇನ್ನಷ್ಟು ಒತ್ತಿದೆ. ಅಪ್ಪ ಸುಮ್ಮನಿದ್ದರು. ಸರಿ ನಡೆದಿದೆ ಅಂದುಕೊಂಡೆ. ಬುರುಗು ಒರೆಸಲು ಹೋದಾಗ ನೋಡುತ್ತೇನೆ, ಎಡ ದವಡೆಯ ಕೆಳಗೆ ಉದ್ದಕ್ಕೆ ಸೀಳಿ ರಕ್ತ ಬನಿಯನ್ನಿಗೆ ಇಳಿದಿದೆ. ಲಕ್ವಾ ಆದವರಿಗೆ ರಕ್ತ ತೆಳುವಾಗಲು ಗುಳಿಗೆ ಕೊಡುತ್ತಾರಲ್ಲ, ಅದರಿಂದ ಬೇಗ ನಿಲ್ಲಲೂ ಇಲ್ಲ. ತುರಟಿ ಹಚ್ಚಿ, ಅರಿವೆ ಒತ್ತಿಹಿಡಿದು ಅರ್ಧ ತಾಸು ಕುಳಿತೆ. ಅಪ್ಪನಿಗೆ ನೋವು ತಿಳಿಯಲೇ ಇಲ್ಲ. ನನಗೆ ಹೆದರಿಕೆ ಆದದ್ದು ರಕ್ತಕ್ಕಿಂತ ಅದಕ್ಕೆ.

ಅಂದಿನಿಂದ ರೇಜರು ಮುಟ್ಟಲಿಲ್ಲ. ದಾಡಿ ಬೆಳೆಯಿತು. ಗಂಜಿ ಕುಡಿಸಿದರೆ ಅರ್ಧ ಅದರಲ್ಲೇ ಉಳಿಯುತ್ತಿತ್ತು. ಅಪ್ಪ ಬಲಗೈಯಿಂದ ಗದ್ದ ಮುಟ್ಟಿ ಮುಟ್ಟಿ ನನ್ನ ಕಡೆ ನೋಡುವರು. ಎದುರಿನ ಗೋಡೆಯಲ್ಲಿ ಕನ್ನಡಿ ಇತ್ತು. ಅದರ ಕಡೆ ಬೆನ್ನು ಮಾಡಿ ಮಲಗಿಸು ಎಂದು ಕೈಸನ್ನೆ ಮಾಡತೊಡಗಿದರು. ಮಗನಿಗೆ ಫೋನಿನಲ್ಲಿ ಇದನ್ನು ಹೇಳಿದ್ದೆ. ಹೇಳಿ ಮರೆತಿದ್ದೆ. ಅವನು ಮರೆತಿರಲಿಲ್ಲ.

ಇನ್ನು ಆ ರೇಜರಿನ ಮಾತು. ಒಂದೇ ಅಲಗಿನ ರೇಜರು ಹೊಸ ಶೋಧ ಅಂದುಕೊಂಡಿದ್ದೆ. ಮಗ ಹೇಳಿದ್ದು, ಆಮೇಲೆ ನಾನು ಓದಿದ್ದು ಕೂಡಿಸಿದರೆ ಲೆಕ್ಕ ಬೇರೆಯೇ ಆಯಿತು. ಹಿಡಿಕೆಗೆ ಅಡ್ಡಲಾಗಿ ಅಲಗು ಕೂಡಿಸಿ, ಮುಂದೆ ತಡೆ ಇಟ್ಟು, ಚರ್ಮ ಸೀಳದಂತೆ ಮಾಡಿದ ರೇಜರಿಗೆ ಅಮೆರಿಕದ ನ್ಯೂಯಾರ್ಕಿನ ಕ್ಯಾಂಫೆ ಸಹೋದರರು 1880ರಲ್ಲೇ ಪೇಟೆಂಟು ಪಡೆದಿದ್ದರು. ಅದಕ್ಕಿದ್ದದ್ದು ಒಂದೇ ಅಲಗು. ತೆಗೆದು ಮಸೆದು ಮತ್ತೆ ಹಾಕಬೇಕಿತ್ತು. ಮಸೆಯುವ ಗೋಜೇ ಬೇಡ, ಮೊಂಡಾದರೆ ಬಿಸಾಡಿ ಎಂದು ತೆಳುವಾದ ಎರಡಲಗಿನ ಬ್ಲೇಡು ತಂದವನು ಕಿಂಗ್ ಕ್ಯಾಂಪ್ ಜಿಲೆಟ್. 1903ರಲ್ಲಿ ಮಾರಾಟ ಶುರು ಮಾಡಿದಾಗ ವರ್ಷಕ್ಕೆ ಹೋದದ್ದು 51 ರೇಜರು, 168 ಬ್ಲೇಡು. ಮರುವರ್ಷ 90 ಸಾವಿರ ರೇಜರು ದಾಟಿತು. ಆಮೇಲೆ ಅಲಗುಗಳ ಪೈಪೋಟಿ. 1971ರಲ್ಲಿ ಒಂದೇ ತಲೆಗೆ ಎರಡು ಬ್ಲೇಡು, 1998ರಲ್ಲಿ ಮೂರು, 2006ರಲ್ಲಿ ಐದು. ಮೊದಲ ಬ್ಲೇಡು ಕೂದಲನ್ನು ತುಸು ಎಳೆದು ಹಿಡಿಯುತ್ತದೆ. ಅದು ಮತ್ತೆ ಒಳಗೆ ಸರಿಯುವ ಮೊದಲೇ ಹಿಂದಿನದು ಕತ್ತರಿಸುತ್ತದೆ. ದಿನಾ ಮಾಡಿಕೊಳ್ಳುವ ಗಟ್ಟಿ ಚರ್ಮಕ್ಕೆ ಅದು ಸರಿ. ಬೆಳೆದ ದಾಡಿಗೆ, ಜೋತ ಚರ್ಮಕ್ಕೆ ಅಲ್ಲ. ಈಗ ದುಬಾರಿ ಬೆಲೆ ಕೊಟ್ಟು ಜನ ಮತ್ತೆ ಒಂದೇ ಅಲಗಿಗೆ ಬರುತ್ತಿದ್ದಾರೆ.

ಇದರ ಬ್ಲೇಡು ಸಾದಾ ಬ್ಲೇಡಿನ ಹಾಗೆ ಬಾಗುವುದಿಲ್ಲ. ಸಾದಾ ಬ್ಲೇಡಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಇದರದು ಅದರ ಎರಡೂವರೆ ಪಟ್ಟು. ಅದಕ್ಕೇ ಗಟ್ಟಿ ಕೂದಲು ಸಿಕ್ಕರೂ ನಡುಗದೆ ನೆಟ್ಟಗೆ ಹೋಗುತ್ತದೆ. ಬ್ಲೇಡು ಜಪಾನಿನ ಫೆದರ್ ಕಂಪನಿಯದು. ಆ ಕಂಪನಿ ಹುಟ್ಟಿದ್ದು ಸೆಕಿ ಎಂಬ ಊರಲ್ಲಿ. ಅದು ಹಿಂದಿನಿಂದಲೂ ಖಡ್ಗ, ಚೂರಿ ಮಾಡುವ ಕಮ್ಮಾರರ ಊರು. ಈ ಜಾತಿಯ ಬ್ಲೇಡು ಅಲ್ಲಿಯ ಕ್ಷೌರಿಕರಿಗಾಗಿ ಮಾಡಿದ್ದು ಎಂದು ಮಗ ಹೇಳಿದ. ಆಗ ನಾನು ಆ ಮಾತಿಗೆ ಲಕ್ಷ್ಯ ಕೊಡಲಿಲ್ಲ.

ಮೊದಲು ನನ್ನ ಮುಖ, ಆಮೇಲೆ ಅಪ್ಪನದು ಎಂದು ನಿರ್ಧಾರ ಮಾಡಿದೆ. ಮರುದಿನ ಬೆಳಿಗ್ಗೆ ಕನ್ನಡಿ ಮುಂದೆ ನಿಂತೆ. ಮಗ ಹಿಂದೆ ನಿಂತು ಪಾಠ ಹೇಳುತ್ತಿದ್ದ. ನಲವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಪಾಠ ಹೇಳಿಸಿಕೊಳ್ಳುವುದು ಕಷ್ಟ. "ಒತ್ತಬ್ಯಾಡ್ರಿ ಅಪ್ಪಾ, ಅದರ ಭಾರಕ್ಕ ಅದ ಹೋಗಲಿ," ಅಂದ. ನಾನು ಒತ್ತಿದೆ. ಪ್ಲಾಸ್ಟಿಕ್ ರೇಜರು ಹಗುರ, ಒತ್ತಿ ಎಳೆದೇ ರೂಢಿ. ಗದ್ದದ ಮೇಲೆ ಚುರುಕ್ ಅಂತು, ರಕ್ತ ಬಂತು. ಹದಿನಾಲ್ಕು ಸಾವಿರದ ಮೊದಲ ಗಾಯ.

ಎರಡನೇ ದಿನ ಸಿಟ್ಟಿನಿಂದಲೇ ಶುರು ಮಾಡಿದೆ. ಮೂರನೇ ದಿನ ಅದರ ಮರ್ಮ ತುಸು ತಿಳಿಯಿತು. ಎಡೆಕುಂಟೆ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಂಟೆಯ ಮೇಲೆ ಭಾರ ಹಾಕಿದರೆ ಅಲಗು ನೆಲಕ್ಕೆ ನಾಟಿ ಬೆಳೆಯ ಬೇರನ್ನೇ ಕೀಳುತ್ತದೆ. ತೀರ ಎತ್ತಿ ಹಿಡಿದರೆ ಕಸದ ಮೇಲೆ ಸವರಿ ಹೋಗುತ್ತದೆ. ನಡುವೆ ಒಂದು ಹದ ಇದೆ, ಅದು ಕೈಗೆ ಸಿಕ್ಕರೆ ಎತ್ತು ತಾನೇ ಎಳೆದುಕೊಂಡು ಹೋಗುತ್ತದೆ. ರೇಜರಿನದೂ ಹಾಗೇ. ಅದರ ತಲೆಯನ್ನು ಗಲ್ಲಕ್ಕೆ ಚಪ್ಪಟೆಯಾಗಿ ಇಟ್ಟು, ಅಲಗು ಕೂದಲಿಗೆ ತಾಗುವಷ್ಟೇ ಹಿಡಿಕೆಯನ್ನು ಇಳಿಸಬೇಕು. ಚರ್ಮಕ್ಕೂ ಅಲಗಿಗೂ ಮೂವತ್ತು ಡಿಗ್ರಿ ಕೋನ ಎನ್ನುತ್ತಾರೆ. ಹದ ಸಿಕ್ಕರೆ ಜೋಳದ ದಂಟು ಕೊಯ್ದ ಹಾಗೆ ಸರ್ ಸರ್ ಸಪ್ಪಳ ಕೇಳುತ್ತದೆ. ಸಪ್ಪಳ ನಿಂತರೆ ಕೋನ ತಪ್ಪಿತು ಅಂತ.

ಇನ್ನೊಂದು ತೊಡಕು ನೀರಿನದು. ನಮ್ಮ ಜತ್ತ ತಾಲೂಕಿನ ಬೋರಿನ ನೀರು ಗಡಸು. ಸಾಬೂನು ಎಷ್ಟು ತಿಕ್ಕಿದರೂ ಬುರುಗು ಬರದೆ ಮೊಸರೊಡೆದ ಹಾಗಾಗುತ್ತಿತ್ತು. ಕುಡಿಯುವ ಫಿಲ್ಟರ್ ನೀರು ಒಂದು ವಾಟಿ ಕಾಯಿಸಿ ಬ್ರಷ್ಷಿನಿಂದ ತಿರುವಿದೆ, ಬೆಣ್ಣೆಯಂಥ ಬುರುಗು ಬಂತು. ಅದನ್ನು ಹಚ್ಚಿ ಎರಡು-ಮೂರು ನಿಮಿಷ ಬಿಡಬೇಕು. ಕೂದಲು ಬಿಸಿನೀರು ಕುಡಿದು ಮೆತ್ತಗಾದರೆ ಅರ್ಧ ಕೆಲಸ ಆದಂತೆ.

ಒಂದು ವಾರದಲ್ಲಿ ನನ್ನ ಮುಖ ನುಣ್ಣಗಾಯಿತು. ಕುತ್ತಿಗೆಯ ಮೇಲೆ ಏಳುತ್ತಿದ್ದ ಕೆಂಪು ಗುಳ್ಳೆ ಹೋದವು. ಮಗ ಖುಷಿಯಿಂದ ಪುಣೆಗೆ ಹೋದ. ಆದರೆ ಅಪ್ಪನ ಹೊರಸಿನ ಹತ್ತಿರ ಹೋದರೆ ನನ್ನ ಕೈ ಏಳುತ್ತಿರಲಿಲ್ಲ. ನನ್ನ ಮುಖಕ್ಕೆ ಗಾಯವಾದರೆ ನನಗೆ ತಿಳಿಯುತ್ತದೆ. ಆ ಎಡಗಲ್ಲ?

ಕೊನೆಗೆ ಪೆಟ್ಟಿಗೆ ತೆಗೆದುಕೊಂಡು ಹಡಪದ ಕಾಕಾನ ಮನೆಗೆ ಹೋದೆ. ಸೋಮವಾರ ಇತ್ತು. ಮಹಾರಾಷ್ಟ್ರದಲ್ಲಿ ಕಟಿಂಗ್ ದುಕಾನಿಗೆ ಸೋಮವಾರ ಸೂಟಿ, ಗಡಿ ದಾಟಿ ವಿಜಯಪುರದ ಕಡೆ ಹೋದರೆ ಮಂಗಳವಾರ. ಕೆಲಸ ಬಿಟ್ಟರೂ ಕಾಕಾ ಸೋಮವಾರವನ್ನು ಬಿಟ್ಟಿರಲಿಲ್ಲ, ಅಂಗಳದಲ್ಲಿ ಆರಾಮ ಕುಳಿತಿದ್ದರು. ಮಗ್ಗುಲಲ್ಲೇ ಅವರ ಹಡಪ. ಚರ್ಮದ ಚೀಲ ಸವೆದು ಕಪ್ಪಾಗಿತ್ತು. ಅದರೊಳಗೆ ಅವರ ತಂದೆಯ ಕತ್ತಿ, ಸಾಣೆಕಲ್ಲು, ಕತ್ತಿ ತೀಡುವ ಚರ್ಮದ ಪಟ್ಟಿ ಇನ್ನೂ ಇವೆ.

ಪೆಟ್ಟಿಗೆ ಮುಂದಿಟ್ಟೆ. ಕಾಕಾ ರೇಜರು ಎತ್ತಿ ತೂಗಿ ನೋಡಿದರು. ಮುಚ್ಚಳ ಬಿಚ್ಚಿ ಬ್ಲೇಡು ತೆಗೆದು ಬಿಸಿಲಿಗೆ ಹಿಡಿದರು. ನಗತೊಡಗಿದರು.

"ಮಾಸ್ತರ, ಇದು ನಮ್ಮ ಅರ್ಧ ಬ್ಲೇಡ್ ಅಲ್ಲೇನ್ರಿ?"

ನನಗೆ ತಕ್ಷಣ ಹೊಳೆಯಲಿಲ್ಲ. ಅವರೇ ಬಿಡಿಸಿದರು. ಏಡ್ಸಿನ ಹೆದರಿಕೆ ಬಂದ ಮೇಲೆ ಒಬ್ಬರಿಗೆ ಬಳಸಿದ ಅಲಗು ಇನ್ನೊಬ್ಬರಿಗೆ ಬೇಡ ಎಂದು ಮಸೆಯುವ ಕತ್ತಿಯನ್ನು ಒಳಗಿಟ್ಟರು. ಸಾದಾ ಬ್ಲೇಡನ್ನು ಕಾಗದದ ಸಮೇತ ನಡುವೆ ಮುರಿದು, ಅರ್ಧವನ್ನು ಕತ್ತಿಯಂಥ ಹಿಡಿಕೆಗೆ ಸಿಕ್ಕಿಸಿ ದಾಡಿ ಮಾಡಿ, ಗಿರಾಕಿಯ ಎದುರಿಗೇ ಬಿಸಾಡುವ ರೂಢಿ ಬಂತು. ನಮ್ಮ ಕಡೆಯ ದುಕಾನುಗಳಲ್ಲಿ ಈಗಲೂ ಅದೇ. ಅರ್ಧ ಬ್ಲೇಡು ಅಂದರೆ ಒಂದೇ ಅಲಗು. ಅಪ್ಪನಿಗೆ ಇಷ್ಟು ವರ್ಷ ಆದದ್ದೂ ಅದರಲ್ಲೇ. ಮಗ ಹೇಳಿದ ಜಪಾನಿನ ಕ್ಷೌರಿಕರ ಮಾತು ಆಗ ನೆನಪಾಯಿತು. ನಾವು ಪರದೇಶದಿಂದ ತರಿಸಿದ್ದು ಮತ್ತೇನಲ್ಲ, ಕ್ಷೌರಿಕನ ಅಲಗಿಗೆ ಒಂದು ತಡೆ ಹಾಕಿ ನಮ್ಮಂಥ ಕೈ ತಿಳಿಯದವರ ಕೈಗೆ ಕೊಟ್ಟದ್ದು.

"ಚಲೋ ಐತ್ರಿ ಸಾಮಾನು," ಅಂದರು ಕಾಕಾ. "ಈ ತಡಿ ಇರೂದರಿಂದ ಆಳಕ್ಕ ಹೋಗೂದಿಲ್ಲ. ಆದ್ರ ಇದರಾಗ ಎಡಗೈ ಎಲ್ಲೈತಿ?"

"ಎಡಗೈ ಅಂದ್ರ?"

"ದಾಡಿ ಮಾಡೂದು ಬಲಗೈ ಅಂತ ತಿಳದೀರೇನು? ಎಡಗೈರಿ. ಚರ್ಮ ಜಗ್ಗಿ ಹಿಡಿಯೂದು ಅದು. ಅದು ಸರಿ ಹಿಡದರ ಬಲಗೈದು ಏನೂ ಕೆಲಸ ಇಲ್ಲ, ಸುಮ್ಮನ ಹೋಗಬೇಕು. ಅಣ್ಣಾರ ಎಡಗಲ್ಲ ಜೋತೈತಿ, ಕಿವಿ ಹತ್ತಿರ ಮ್ಯಾಲಕ್ಕ ಜಗ್ಗಬೇಕು. ಕುತ್ತಿಗ್ಯಾಗ ಕೂದಲಾ ಅಡ್ಡ ಬೆಳದಾವ, ಅಲ್ಲಿ ಕೆಳಗ ಎಳದ್ರ ಕೊಯ್ತದ." ಅಪ್ಪನ ಮುಖದ ಯಾವ ಮೂಲೆಯಲ್ಲಿ ಕೂದಲು ಯಾವ ದಿಕ್ಕಿಗೆ ಎಂಬುದು ಮಗನಾದ ನನಗೆ ಗೊತ್ತಿರಲಿಲ್ಲ. ಅವರಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು.

ಅದೇ ದಿನ ಕರೆದೆ. "ಸೋಮವಾರ್ರಿ," ಅಂದರು. ಆಮೇಲೆ ತಾವೇ, "ನಾ ಎಲ್ಲಿ ಮಾಡಾಂವ, ಮಾಡಾವ್ರು ನೀವು," ಎಂದು ಎದ್ದು ಬಂದರು.

ಅಪ್ಪನನ್ನು ದಿಂಬಿಗೆ ಒರಗಿಸಿ ಕೂಡಿಸಿದೆ. ಮೊದಲು ಕತ್ತರಿಯಿಂದ ಉದ್ದ ಕೂದಲು ಕತ್ತರಿಸಿ ಸಣ್ಣ ಮಾಡಿಸಿದರು ಕಾಕಾ. ಬಿಸಿನೀರಿನ ಅರಿವೆ ಹಾಕಿಸಿದರು. ಬುರುಗು ಹಚ್ಚಿದ ಮೇಲೆ ಹೊರಸಿನ ಆ ಮಗ್ಗುಲಲ್ಲಿ ಕುಳಿತು ತಮ್ಮ ಎಡಗೈಯನ್ನು ಅಪ್ಪನ ಕಿವಿಯ ಹತ್ತಿರ ಇಟ್ಟರು. ಬಲಗೈ ತೊಡೆಯ ಮೇಲೆ ನಡುಗುತ್ತಿತ್ತು. ಎಡಗೈ ಕಲ್ಲಿನಂತೆ ಇತ್ತು. ಎರಡು ಬೆರಳಿನಿಂದ ಚರ್ಮ ಮೇಲಕ್ಕೆ ಜಗ್ಗಿದಾಗ, ಎರಡು ವರ್ಷದಿಂದ ಜೋತ ಗಲ್ಲ ನೆಟ್ಟಗಾಗಿ ಒಂದು ಗಳಿಗೆ ಅಪ್ಪನ ಹಳೆಯ ಮುಖ ಕಂಡಿತು.

"ಹೂಂ, ಈಗ ಬಿಡ್ರಿ. ಸಣ್ಣ ಸಣ್ಣ ಎಳಿ."

ಬಿಟ್ಟೆ. ಸರ್ ಅಂತು. ಬೆರಳಗಲದಷ್ಟು ಎಳೆದು, ತೊಳೆದು, ಮತ್ತೆ ಇಟ್ಟೆ. ಅವರ ಎಡಗೈ ಮುಂದೆ ಹೋದಂತೆ ನನ್ನ ಬಲಗೈ ಹಿಂದೆ ಹೋಯಿತು. ಎಲ್ಲಿ ತಿರುಗಬೇಕು ಎಂಬುದನ್ನು ಅವರು ಬೆರಳು ಸರಿಸಿಯೇ ಹೇಳುತ್ತಿದ್ದರು. ಗಂಟಲ ಹತ್ತಿರ ಬಂದಾಗ ನಾನು ನಿಂತೆ. "ಅಲ್ಲಿ ಬ್ಯಾಡಂದ್ರ ಬಿಡ್ರಿ. ಎರಡು ಕೂದಲಾ ಉಳದ್ರ ಯಾರೂ ಬಯ್ಯೂದಿಲ್ಲ," ಅಂದರು. ಮುಗಿಯಲು ಮುಕ್ಕಾಲು ತಾಸು ಹಿಡಿಯಿತು. ಎಲ್ಲೂ ರಕ್ತ ಬರಲಿಲ್ಲ.

ಅಪ್ಪ ಬಲಗೈ ಎತ್ತಿ ಬಲಗಲ್ಲ ಸವರಿಕೊಂಡರು. ಆಮೇಲೆ ಕೈಯನ್ನು ಎಡಗಲ್ಲಕ್ಕೆ ಒಯ್ದರು. ಆ ಗಲ್ಲಕ್ಕೆ ಕೈ ಮುಟ್ಟಿದ್ದು ತಿಳಿಯದಿದ್ದರೂ ಕೈಗೆ ಗಲ್ಲ ತಿಳಿಯುತ್ತದಲ್ಲ. ಬಹಳ ಹೊತ್ತು ಅಲ್ಲೇ ಇಟ್ಟುಕೊಂಡರು. ನಂತರ ನನ್ನ ಕಡೆ ತಿರುಗಿ, ತೊದಲುತ್ತಾ, ಎರಡು ವರ್ಷದಿಂದ ನಾನು ಕೇಳದ ಒಂದು ಮಾತು ಆಡಿದರು: "ಕನ್ನಡಿ."

ಹೊರಡುವಾಗ ಕಾಕಾ ದುಡ್ಡು ಮುಟ್ಟಲಿಲ್ಲ. "ನಾ ಕೆಲಸ ಮಾಡಿಲ್ಲಲ್ರಿ," ಅಂದರು. ನನ್ನ ಹೆಂಡತಿ ಒಳಗಿನಿಂದ ಒಂದು ಬುಟ್ಟಿ ಜೋಳ ತಂದು, "ಇದು ಮಾವನವರು ಕೊಡೂದು, ನೀವು ಬ್ಯಾಡ ಅನ್ನಂಗಿಲ್ಲ," ಅಂದಳು. ಅದನ್ನು ಒಯ್ದರು. 12ನೇ ಶತಮಾನದಲ್ಲಿ ಬಸವಣ್ಣನವರ ಆಪ್ತರಾಗಿದ್ದವರು ಹಡಪದ ಅಪ್ಪಣ್ಣ ಎಂದು ನಾನು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಹಡಪದೊಳಗಿನ ವಿದ್ಯೆ ಏನು ಎಂದು ಕೇಳಲು ಕಾಕಾನ ಅಂಗಳಕ್ಕೆ ಹೋದದ್ದು ಮಾತ್ರ ಈ ಅರವತ್ತೈದರಲ್ಲಿ.

ಈಗ ಓದುಗರು ಕೇಳಬಹುದು: ಅಷ್ಟು ದುಡ್ಡು ಕೊಡುವಂಥ ಸಾಮಾನೇ ಅದು? ಉಳ್ಳದ್ದನ್ನೇ ಹೇಳುತ್ತೇನೆ. ರೇಜರು ಒಳ್ಳೆಯದು. ಒಣಗಿಸಿ ಇಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಆದರೆ ಇದರ ಬ್ಲೇಡು ನಮ್ಮ ಪೇಟೆಯಲ್ಲಿ ಸಿಗುವುದಿಲ್ಲ, ತರಿಸಬೇಕು, ಒಂದಕ್ಕೆ ನೂರರ ಹತ್ತಿರ ಬೀಳುತ್ತದೆ. ಸಾದಾ ಬ್ಲೇಡು ಕಿರಾಣಿ ಅಂಗಡಿಯಲ್ಲಿ ಎರಡು-ಮೂರು ರೂಪಾಯಿ. ನಿಮ್ಮ ಕೈಗೆ ಹದ ಇದ್ದರೆ ಮುನ್ನೂರು ರೂಪಾಯಿಯ ಹಳೇ ನಮೂನೆಯ ರೇಜರಿನಲ್ಲೂ ಈ ಕೆಲಸ ಆಗುತ್ತದೆ. ಹದ ಇಲ್ಲದಿದ್ದರೆ ಹದಿನಾಲ್ಕು ಸಾವಿರದ್ದೂ ಕೊಯ್ಯುತ್ತದೆ, ನನ್ನ ಗದ್ದವೇ ಸಾಕ್ಷಿ.

ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದವರಿಗೆ ನಾಲ್ಕು ಮಾತು. ವಾರಗಟ್ಟಲೆ ಬಿಡಬೇಡಿ, ಬಿಟ್ಟಿದ್ದರೆ ಮೊದಲು ಕತ್ತರಿ ಹಚ್ಚಿ. ಬಿಸಿನೀರಿನ ಅರಿವೆ ಮರೆಯಬೇಡಿ. ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ, ಎದುರು ಎಳೆಯಬೇಡಿ. ಒಬ್ಬರಿಗೆ ಬಳಸಿದ ಬ್ಲೇಡು ಇನ್ನೊಬ್ಬರಿಗೆ ಬೇಡ, ಮನೆಯವರೇ ಆಗಿರಲಿ. ನನ್ನದೂ ಅಪ್ಪನದೂ ರೇಜರು ಒಂದೇ, ಬ್ಲೇಡು ಬೇರೆ ಬೇರೆ ಡಬ್ಬಿಯಲ್ಲಿ ಇವೆ.

ಮತ್ತೆ ಎಡಗೈ. ಈಗ ಕಾಕಾ ಬರದಿದ್ದರೂ ನಾನೊಬ್ಬನೇ ಮಾಡಬಲ್ಲೆ, ಕಲಿತಿದ್ದೇನೆ. ಆದರೂ ಪ್ರತಿ ಬುಧವಾರ ಅವರು ಬರುತ್ತಾರೆ. ಬಂದು ಹೊರಸಿನ ಆ ಮಗ್ಗುಲಲ್ಲಿ ಕೂಡುತ್ತಾರೆ, ಎಡಗೈ ಇಡುತ್ತಾರೆ. ಅಪ್ಪ ಅವರನ್ನು ಕಂಡ ಕೂಡಲೇ "ಬಾ" ಅನ್ನುತ್ತಾರೆ. ರೇಜರು ನೋಡಬೇಕೆನ್ನುವವರು ಆ ಹೊತ್ತಿಗೆ ನಮ್ಮ ಮನೆಗೆ ಬರ್ರಿ. ಬಂದವರು ರೇಜರನ್ನಷ್ಟೇ ನೋಡದೆ ಕಾಕಾನ ಎಡಗೈಯನ್ನೂ ನೋಡಿ ಹೋಗ್ರಿ.